ಚಿಂಚೋಳಿಯ ಅಡವಿ, ಪಕ್ಕದ ನೆಡುತೋಪು: ಹಗ್ಗ ಹಿಡಿದು ಮಾಡಿದ ಎಣಿಕೆ

ಕಲಬುರಗಿ ಜಿಲ್ಲೆಯ ಚಿಂಚೋಳಿಯ ಸಹಜ ಅಡವಿಯಲ್ಲಿ, ಪಕ್ಕದಲ್ಲಿ ಜನ ನೆಟ್ಟ ತೋಪಿನಲ್ಲಿ ಎಷ್ಟು ಬಗೆಯ ಜೀವಗಳಿವೆ ಎಂದು ಎಣಿಸಿ ಹೋಲಿಸುವುದು ನಮ್ಮ ಕೆಲಸ. ಹಗ್ಗ, ಟೇಪು, ಪ್ಲಾಸ್ಟಿಕ್ ಗ್ಲಾಸಿನಲ್ಲಿ ಜೀವವೈವಿಧ್ಯ ಅಳೆಯಲಾದೀತೇ ಎಂದು ನಕ್ಕವರೇ ಹೆಚ್ಚು. ಈಗ ಅವರೇ ನಮ್ಮ ಎಣಿಕೆಯ ನಮೂನೆ ಕೇಳಿ ಒಯ್ಯುತ್ತಾರೆ.

ಹಳ್ಳದ ಬದಿಯ ಅಡವಿಯನ್ನು ಗುಡ್ಡದ ಮೇಲಿನ ಅಕೇಶಿಯಾ ತೋಪಿನ ಜೊತೆ ಹೋಲಿಸಿದರೆ ಸಿಗುವುದು ತೇವದ ವ್ಯತ್ಯಾಸ, ಅಷ್ಟೇ. ಎರಡಕ್ಕೂ ಒಂದೇ ಇಳಿಜಾರು, ಒಂದೇ ಕೆಂಪು ಮೊರಂ (ಗರಸು) ನೆಲ ಇರಬೇಕು. ಅಂಚಿನಿಂದ ಇಪ್ಪತ್ತೈದು ಮೀಟರ್ ಒಳಗೆ ಹೋಗಿ. ಅಲ್ಲಿ ಹಗ್ಗದಿಂದ ಹತ್ತು ಮೀಟರ್ ಬದಿಯ ಚೌಕ ಹಾಕಿ. ಅದರ ಕರ್ಣ 14.14 ಮೀಟರ್ ಬರದಿದ್ದರೆ ಚೌಕ ವಾಲಿದೆ ಎಂದೇ ಲೆಕ್ಕ. ನೈಲಾನ್ ಹಗ್ಗ ಹಿಗ್ಗುತ್ತದೆ, ಅಳತೆಯ ಗಂಟುಗಳನ್ನು ದಿನಾ ಬೆಳಿಗ್ಗೆ ಟೇಪಿಗೆ ಹಿಡಿಯಿರಿ. ಸತತ ಮೂರು ಚೌಕದಲ್ಲಿ ಹೊಸ ಹೆಸರು ಬಾರದಿದ್ದರೆ ನಿಲ್ಲಿಸಬಹುದು. ಸಾಗವಾನಿ ತೋಪಿನಲ್ಲಿ ಆ ಹಂತ ಬಲು ಬೇಗ ಬರುತ್ತದೆ.

ಮೂವತ್ತು ಸೆಂಟಿಮೀಟರ್ ಸುತ್ತಳತೆ ಮೇಲಿನ ಮರಗಳನ್ನಷ್ಟೇ ಎಣಿಸಿದರೆ ಗೆಲ್ಲುವುದು ತೋಪೇ: ಚೌಕಕ್ಕೆ ಹದಿನೈದರ ಆಸುಪಾಸು, ಅಡವಿಯಲ್ಲಿ ಐದಾರು. ಆದರೆ ಮರ ಹೆಚ್ಚಿದ್ದರೆ ವೈವಿಧ್ಯ ಹೆಚ್ಚೆಂದಲ್ಲ. ಅದಕ್ಕೇ ಇರುವೆ ಮತ್ತು ಮೊಣಕಾಲೆತ್ತರದ ಸಸಿ ಎಣಿಸಬೇಕು.

ಇರುವೆ ಹಿಡಿಯಲು ಒಂದರೊಳಗೊಂದು ಎರಡು ಗ್ಲಾಸು ಹೂಳಿ. ಒಳಗಿನದನ್ನು ಎತ್ತಿದಾಗ ಗುಂಡಿ ಕುಸಿಯುವುದಿಲ್ಲ. ಬಾಯಿ ನೆಲಕ್ಕೆ ಸಮ ಇರಲಿ, ಒಂದು ಕೂದಲೆಳೆ ಮೇಲಿದ್ದರೂ ಇರುವೆ ಸುತ್ತುಹಾಕಿ ಹೋಗುತ್ತದೆ. ಹೊಸ ಮಣ್ಣು ತೋಡಿದ ಜಾಗಕ್ಕೆ ಇರುವೆ ಮುತ್ತುವುದರಿಂದ ಎರಡು-ಮೂರು ದಿನ ಮುಚ್ಚಿಟ್ಟು ಆಮೇಲೆ ಉಪ್ಪು, ಸೋಪಿನ ನೀರು ಹಾಕಿ ತೆರೆಯಿರಿ. ಮೇಕೆ, ಕಾಡುಹಂದಿ ಕಾಲಿಟ್ಟರೆ ಆ ಗ್ಲಾಸುಗಳ ಸಾಲು ಲೆಕ್ಕಕ್ಕೆ ಬಿಟ್ಟುಬಿಡಿ. ವನ್ಯಜೀವಿ ಧಾಮದೊಳಗಾದರೆ ಅನುಮತಿ ಅರ್ಜಿಯಲ್ಲಿ ಗುಂಡಿ ತೋಡುವುದನ್ನೂ ಬರೆಯಬೇಕು.

ಸಾಮಾನಿಗೆ ಸಾವಿರ ರೂಪಾಯಿ ಆಗದು. ದುಡ್ಡು ಹೋಗುವುದು ಕೂಲಿಗೆ, ದಿನಕ್ಕೆ ಐನೂರು-ಆರುನೂರು. ಅದರಲ್ಲಿ ಜುಗ್ಗತನ ಬೇಡ. ಮಾರ್ಚಿನ ಬೋಳು ಗಿಡದ ಮುಂದೆ ಗಿಡ ಗುರುತಿಸುವ ಮೊಬೈಲ್ ಆ್ಯಪ್ ಬಾಯಿ ಬಿಡುವುದಿಲ್ಲ. ಮತ್ತಿಯ ಮೊಸಳೆಬೆನ್ನಿನಂಥ ತೊಗಟೆ, ದಿಂಡಿಗದ ನುಣುಪು ಬಿಳಿ ಕಾಂಡ ನೋಡಿಯೇ ಹೆಸರು ಹೇಳುವವರು ತಾಂಡಾದ (ಲಂಬಾಣಿ ಹಟ್ಟಿಯ) ಹಿರಿಯರು.

ನಡುವೆ ಮತ್ತೊಂದು ಪ್ರಯೋಗ, ಮಣ್ಣಿನಲ್ಲಿ ಯಾವ ಬೀಜ ಅಡಗಿದೆ ಎಂದು ನೋಡಲು: ಮೇಲಿನ ಐದು ಸೆಂಟಿಮೀಟರ್ ಮಣ್ಣು ತಂದು ಟ್ರೇನಲ್ಲಿ ಹರವಿ ನೀರುಣಿಸಿದರೆ ತೋಪಿನ ಮಣ್ಣಿನಿಂದ ಎದ್ದದ್ದು ಬಹುಪಾಲು ಹುಲ್ಲು, ತಗಚೆ ಕಳೆ.

ಸಸಿಗಾಗಿ ಸಾಗವಾನಿಯ ದೊಡ್ಡ ಎಲೆಗಳನ್ನು ಕೈಯಿಂದಲೇ ಸರಿಸಬೇಕು, ಕೋಲಾಡಿಸಿದರೆ ಸಸಿ ಮುರಿಯುತ್ತವೆ. ಹಳೆಯ ತೋಪಿನಲ್ಲಿ ಸಸಿ ಇಲ್ಲವೆಂದಲ್ಲ. ಬೇವು, ಬಾರೆ, ಅಲ್ಲಲ್ಲಿ ಶ್ರೀಗಂಧ, ಬಹುಪಾಲು ಹಕ್ಕಿ ತಂದವು. ದಿಂಡಿಗ, ಮತ್ತಿಯ ಬೀಜ ಗಾಳಿಯದ್ದು, ಅದರಲ್ಲೂ ದಿಂಡಿಗದ ಬೀಜ ಮೊಳೆಯುವುದೇ ಅಪರೂಪ. ಅಡವಿಗೆ ಅಂಟಿಕೊಂಡ ತೋಪಿನಲ್ಲೂ ನಮಗೆ ಅವೆರಡು ಸಿಕ್ಕಿಲ್ಲ.