ಕೈಯಲ್ಲಿರುವ ವೇಗವನ್ನು ಮಾತಿಗೆ ತರುವುದು ಹೇಗೆ: ಕಾರ್ಟಿಂಗ್ ಮಕ್ಕಳಿಗೆ

ಕೆಲವು ಮಕ್ಕಳಿಗೆ ವೇಗ ಹುಟ್ಟಿನಿಂದಲೇ ಬಂದಿರುತ್ತದೆ. ಕಾರ್ಟ್‌ನ, ಅಂದರೆ ಮಕ್ಕಳು ಓಡಿಸುವ ಪುಟ್ಟ ರೇಸ್ ಗಾಡಿಯ, ಹಿಂಬದಿ ಜಾರಿತು ಅನ್ನುವಷ್ಟರಲ್ಲಿ ಅವರ ಕೈ ಸ್ಟೀರಿಂಗನ್ನು ತಿದ್ದಿರುತ್ತದೆ. ತೊಂದರೆಯೂ ಅಲ್ಲೇ ಇದೆ. ಗಾಡಿಯ ದೋಷವನ್ನು ಕೈ ಮುಚ್ಚಿಹಾಕುತ್ತದೆ. ಗಾಡಿ ರಿಪೇರಿ ಮಾಡುವ ಜಾಗಕ್ಕೆ (ಪಿಟ್‌ಗೆ) ಬಂದಾಗ ಮೆಕ್ಯಾನಿಕ್ ಆದ ನಾನು "ಹೇಗಿತ್ತು?" ಅಂತ ಕೇಳಿದರೆ, "ಚೆನ್ನಾಗಿತ್ತು ಅಂಕಲ್" ಅಂತಾರೆ. ಆ ಉತ್ತರ ಇಟ್ಟುಕೊಂಡು ಒಂದು ನಟ್ಟನ್ನೂ ತಿರುಗಿಸೋಕೆ ಆಗಲ್ಲ.

ಸರಿಯಾಗಿ ಹೇಳುವುದನ್ನು ಕಲಿಯಬಹುದು. ಮೊದಲು, ಲ್ಯಾಪ್ ಟೈಮ್ (ಒಂದು ಸುತ್ತಿಗೆ ಹಿಡಿದ ಸಮಯ) ನೋಡುವ ಮುಂಚೆಯೇ ಮಾತಾಡಿ. ಟೈಮ್ ಚೆನ್ನಾಗಿದ್ದರೆ ಗಾಡಿಯೂ ಚೆನ್ನಾಗಿತ್ತು ಅಂತಲೇ ಅನಿಸುತ್ತದೆ, ಅಲ್ವಾ? ಪ್ರತಿ ತಿರುವನ್ನೂ ಮೂರು ಭಾಗ ಮಾಡಿಕೊಳ್ಳಿ: ಬ್ರೇಕ್ ಹಿಡಿದು ಒಳಗೆ ಹೋಗುವುದು, ನಡುಭಾಗ, ಆಕ್ಸಿಲರೇಟರ್ ಒತ್ತಿ ಹೊರಬರುವುದು. ಯಾವ ಭಾಗದಲ್ಲಿ ಜಾರಿತು? ಮುಂದಿನ ಟೈರೋ, ಹಿಂದಿನದೋ? ಇಷ್ಟು ಹೇಳಿದರೂ ಮೆಕ್ಯಾನಿಕ್‌ಗೆ ದಾರಿ ಸಿಗುತ್ತದೆ.

ಆಮೇಲೆ ಗಾಡಿ ಹೇಗೆ ತಿರುಗುತ್ತದೆ ಅಂತ ತಿಳಿದುಕೊಳ್ಳಿ. ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಶಿಯಲ್ ಕಾರ್ಟ್‌ಗೆ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದಿರುವುದರಿಂದ ಒಂದೇ ವೇಗದಲ್ಲಿ ಸುತ್ತುತ್ತವೆ. ಆದರೆ ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು. ಹಾಗಾಗಿ ಒಳಗಿನ ಹಿಂಚಕ್ರ ನೆಲದಿಂದ ಸ್ವಲ್ಪ ಮೇಲೇಳಬೇಕು. ಏಳದಿದ್ದರೆ ಗಾಡಿ ನೇರಕ್ಕೇ ಎಳೆಯುತ್ತದೆ. ಬೇಗ ಕೆಳಗಿಳಿದರೆ ಎಂಜಿನ್ ಸದ್ದು ಕುಗ್ಗುತ್ತದೆ, ಕಿವಿಗೊಟ್ಟರೆ ಗೊತ್ತಾಗುತ್ತದೆ. ಪ್ರತಿಭೆ ಇರುವ ಹುಡುಗಿ ಸ್ಟೀರಿಂಗನ್ನು ಇನ್ನಷ್ಟು ಎಳೆದು ಹೇಗೋ ತಿರುಗಿಸಿಬಿಡುತ್ತಾಳೆ. ನಾಲ್ಕು ಲ್ಯಾಪ್ ಪರವಾಗಿಲ್ಲ. ಆಮೇಲೆ ಮುಂದಿನ ಟೈರ್ ಸವೆದು, ಕಾದು ಕೈಕೊಡುತ್ತದೆ. ಅದೇ ಹುಡುಗಿ "ಒಳಗೆ ಹೋಗುವಾಗ ಹಿಂಚಕ್ರ ಏಳ್ತಿಲ್ಲ" ಅಂದರೆ, ನಾನು ಕ್ಯಾಸ್ಟರ್ (ಮುಂದಿನ ಚಕ್ರ ಸ್ಟೀರಿಂಗ್‌ಗೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಹೆಚ್ಚಿಸುತ್ತೇನೆ, ಇಲ್ಲವೇ ಮುಂದಿನ ಚಕ್ರಗಳನ್ನು ಸ್ವಲ್ಪ ಅಗಲಿಸಿ ನೋಡುತ್ತೇನೆ.

ಎರಡನ್ನೂ ಒಟ್ಟಿಗೆ ಮಾತ್ರ ಮಾಡಿಸಬೇಡಿ. ಒಂದು ಬದಲಾಯಿಸಿ, ಓಡಿಸಿ, ಮತ್ತೆ ಹಳೆಯ ಸೆಟಪ್‌ಗೆ ಬಂದು ಇನ್ನೊಮ್ಮೆ ಓಡಿಸಿ. ಟ್ರ್ಯಾಕ್ ಬಿಸಿಯೇರಿ ಟೈಮ್ ಬದಲಾಗಿದ್ದರೆ ಆಗ ಗೊತ್ತಾಗುತ್ತದೆ.

ಫಾರ್ಮುಲಾ 1 ರೇಸರ್ ನಿಕಿ ಲೌಡಾ 1974ರಲ್ಲಿ ಫೆರಾರಿ ತಂಡ ಸೇರಿದ ಮೇಲೆ ಮಾಡಿದ್ದು ಇದನ್ನೇ. ಕಂಪನಿಯದೇ ಆದ ಫಿಯೊರಾನೊ ಟ್ರ್ಯಾಕ್‌ನಲ್ಲಿ ಸುತ್ತಿ ಸುತ್ತಿ, ಏನಾಗುತ್ತಿದೆ ಅಂತ ಎಂಜಿನಿಯರ್ ಮೌರೊ ಫೋರ್ಗಿಯೇರಿಗೆ ಹೇಳಿ ತಿದ್ದಿಸಿದರು. 1975ರಲ್ಲಿ ವಿಶ್ವ ಚಾಂಪಿಯನ್ ಆದರು. 1964ರ ನಂತರ ಫೆರಾರಿ ಚಾಲಕರಿಗೆ ಆ ಪಟ್ಟ ಸಿಕ್ಕಿರಲಿಲ್ಲ.

"ಸೆನ್ನಾಗೆ ಇದೆಲ್ಲ ಬೇಕಿತ್ತಾ?" ಅಂತ ಮಕ್ಕಳು ಕೇಳುತ್ತಾರೆ, ಹುಟ್ಟು ಪ್ರತಿಭೆಗೆ ಹೆಸರಾದ ಫಾರ್ಮುಲಾ 1 ರೇಸರ್ ಐರ್ಟನ್ ಸೆನ್ನಾ ಬಗ್ಗೆ. 1988ರ ಮೊನಾಕೊ ರೇಸ್‌ನ ಕ್ವಾಲಿಫೈಯಿಂಗ್‌ನಲ್ಲಿ (ಯಾರು ಮುಂದೆ ನಿಂತು ರೇಸ್ ಶುರು ಮಾಡಬೇಕು ಅಂತ ನಿರ್ಧರಿಸುವ ಸುತ್ತು) ಅದೇ ಮೆಕ್‌ಲಾರೆನ್ ಕಾರಿನಲ್ಲಿದ್ದ ತಂಡದ ಜೊತೆಗಾರ ಪ್ರೋಸ್ಟ್‌ಗಿಂತ ಅವರು 1.4 ಸೆಕೆಂಡ್ ಮುಂದಿದ್ದರು, ನಿಜ. ಆದರೆ ಆ ಕಾರಿಗೆ ಎಂಜಿನ್ ಕೊಡುತ್ತಿದ್ದ ಹೋಂಡಾದ ಎಂಜಿನಿಯರ್‌ಗಳ ಜೊತೆ ಗಂಟೆಗಟ್ಟಲೆ ಕೂತು ಡೇಟಾ ನೋಡುತ್ತಿದ್ದವರೂ ಅವರೇ. ಆ ಕೂತ ಗಂಟೆಗಳು ಟಿವಿಯಲ್ಲಿ ಕಾಣಲಿಲ್ಲ, ಅಷ್ಟೇ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮೆಕ್ಯಾನಿಕ್ ಪ್ರಶ್ನೆ ಕೇಳಿದಾಗ ಮಗುವಿನ ಪರವಾಗಿ ನೀವು ಉತ್ತರ ಕೊಡಬೇಡಿ. ಬೇಲಿಯ ಆಚೆಯಿಂದ ನಿಮಗೆ ಕಂಡದ್ದೇ ಬೇರೆ, ಸೀಟಿನಲ್ಲಿ ಕೂತವರಿಗೆ ಅನಿಸಿದ್ದೇ ಬೇರೆ. ಮಗು ತಡವರಿಸಿದರೂ ಪರವಾಗಿಲ್ಲ, ಸುಮ್ನೆ ಕಾಯಿರಿ.