‘ಯಾರ ಪೈಕಿ?’ ಎಂದು ಕೇಳುವ ಊರು: ಲೆಯೊನೀದಿಯೊಗೆ ಬರುವ ಕನ್ನಡಿಗರಿಗೆ

ಗ್ರೀಸಿನ ಲೆಯೊನೀದಿಯೊಗೆ ಬಂದ ಮೊದಲ ವಾರ ‘ಫೂರ್ನೊ’ದ ಸಾಲಿನಲ್ಲಿ ನಿಂತಿದ್ದೆ. ಬ್ರೆಡ್ ಸುಟ್ಟು ಮಾರುವ ಅಂಗಡಿಗೆ ಇಲ್ಲಿ ಹಾಗೆನ್ನುತ್ತಾರೆ. ಕಪ್ಪು ಉಡುಪಿನ ಅಜ್ಜಿಯೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ತೀನೊಸ್ ಈಸೆ?’ ಎಂದು ಕೇಳಿದರು. ನಿನ್ನ ಹೆಸರೇನು, ಯಾವ ದೇಶ ಎಂಬುದಕ್ಕೆಲ್ಲ ಉತ್ತರ ಬಾಯಿಪಾಠ ಮಾಡಿಕೊಂಡಿದ್ದೆ. ಈ ಪ್ರಶ್ನೆ ಮಾತ್ರ ಪಾಠದಲ್ಲಿ ಇರಲಿಲ್ಲ. ಮನೆಗೆ ಬಂದು ಅರ್ಥ ಹುಡುಕಿದ ಮೇಲೆ ಮೈ ಜುಮ್ಮೆಂದಿತು. ‘ನೀನು ಯಾರವರು?’ ಅಂದರೆ ನಮ್ಮ ಹಳ್ಳಿಯ ಬಸ್ ನಿಲ್ದಾಣದಲ್ಲಿ ಯಾರೇ ಇಳಿದರೂ ಕೇಳುವ ಅದೇ ಮಾತು: ‘ಯಾರ ಪೈಕಿ?’

ಗ್ರೀಸಿನ ಸಣ್ಣ ಊರಿನಲ್ಲಿ ಮನೆ ಹೂಡುವವರು ಮೊದಲು ತಿಳಿಯಬೇಕಾದದ್ದು ಈ ಪ್ರಶ್ನೆಯನ್ನೇ. ಇಲ್ಲಿ ಕಚೇರಿಯ ಅರ್ಜಿಯೂ ಅದನ್ನೇ ಕೇಳುತ್ತದೆ, ಚರ್ಚಿನ ಅಂಗಳವೂ ಅದನ್ನೇ ಕೇಳುತ್ತದೆ.

ಮೊದಲು ಕಾನೂನಿನ ಮಾತು. ಪ್ರತಿಯೊಬ್ಬ ಗ್ರೀಕ್ ಪ್ರಜೆಯ ಹೆಸರೂ ಯಾವುದಾದರೂ ಒಂದು ಪುರಸಭೆಯ ‘ದಿಮೊತೊಲೊಯಿಯೊ’ ಎಂಬ ಕುಟುಂಬ ದಾಖಲೆಯಲ್ಲಿ ಇರುತ್ತದೆ. ಒಂದು ಕುಟುಂಬಕ್ಕೆ ಒಂದು ಪುಟ. ಹುಟ್ಟಿದ್ದು, ಮದುವೆಯಾದದ್ದು, ತೀರಿಕೊಂಡದ್ದು ಎಲ್ಲವೂ ಅಲ್ಲಿಗೇ ಬಂದು ಸೇರಬೇಕು. ಈ ದಾಖಲೆ ಇರುವ ಊರು ವಾಸದ ಊರೇ ಆಗಬೇಕೆಂದಿಲ್ಲ. ಅಥೆನ್ಸಿನಲ್ಲಿಯೇ ಹುಟ್ಟಿ ಬೆಳೆದವರ ಪುಟವೂ ಎಷ್ಟೋ ಸಲ ಅಜ್ಜನ ಊರಿನಲ್ಲಿಯೇ ಉಳಿದಿರುತ್ತದೆ, ಮತ ಹಾಕುವುದೂ ಅಲ್ಲಿಯೇ. ಆದ್ದರಿಂದ ಚುನಾವಣೆಯ ಭಾನುವಾರ ಇಲ್ಲಿನ ಓಣಿಗಳಲ್ಲಿ ಅಥೆನ್ಸಿನ ಕಾರುಗಳು ಸಾಲುಗಟ್ಟುತ್ತವೆ, ವರ್ಷವಿಡೀ ಮುಚ್ಚಿದ್ದ ಕಿಟಕಿಗಳು ತೆರೆಯುತ್ತವೆ. ಮತ ಹಾಕಿ, ಅತ್ತೆಯ ಮನೆಯಲ್ಲಿ ಊಟ ಮಾಡಿ, ಒಂದು ಡಬ್ಬ ಆಲಿವ್ ಎಣ್ಣೆ ಕಾರಿಗೆ ಹಾಕಿಕೊಂಡು ಹೊರಡುತ್ತಾರೆ.

ನಮಗೆ ಆ ಪುಸ್ತಕದಲ್ಲಿ ಪುಟವಿಲ್ಲ. ಗ್ರೀಕ್ ಪೌರತ್ವ ಪಡೆದರೆ ಮಾತ್ರ ಪುಟ ತೆರೆಯುತ್ತದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ಆಗ ನಮ್ಮ ಪಾಸ್‌ಪೋರ್ಟ್ ಒಪ್ಪಿಸಬೇಕಾಗುತ್ತದೆ. ಅಲ್ಲಿಯವರೆಗೆ ನಾವು ‘ಕಾತಿಕೊಸ್’, ಅಂದರೆ ನಿವಾಸಿಗಳು; ‘ದಿಮೋತಿಸ್’, ಅಂದರೆ ಆ ಪುಸ್ತಕದಲ್ಲಿ ಹೆಸರಿರುವವರು, ಅಲ್ಲ. ಕಚೇರಿಯಲ್ಲಿ ಈ ಎರಡು ಪದಗಳ ವ್ಯತ್ಯಾಸ ತಿಳಿದಿದ್ದರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಊರಿನ ವಿಷಯಕ್ಕೆ ಬರುತ್ತೇನೆ. ಪೆಲೊಪೊನೀಸ್ ಪರ್ಯಾಯದ್ವೀಪದ ಪೂರ್ವ ಕರಾವಳಿಯಲ್ಲಿ, 1,935 ಮೀಟರ್ ಎತ್ತರದ ಪಾರ್ನೊನಾಸ್ ಬೆಟ್ಟಸಾಲು ಸಮುದ್ರಕ್ಕೆ ಇಳಿಯುವ ಕಡೆ ಲೆಯೊನೀದಿಯೊ ಇದೆ. ಬೆನ್ನಿಗೆ ಗೋಡೆ ನಿಲ್ಲಿಸಿದಂಥ ಕೆಂಪು ಸುಣ್ಣಕಲ್ಲಿನ ಬಂಡೆಗಳು. ಊರನ್ನು ಸೀಳಿಕೊಂಡು ಹೋಗುವ ದಾಫ್ನೊನಾಸ್ ಹೊಳೆಯಲ್ಲಿ ವರ್ಷದ ಬಹುಕಾಲ ಬರೀ ಕಲ್ಲು. ನಾಲ್ಕು ಕಿಲೊಮೀಟರ್ ಕೆಳಗೆ ಪ್ಲಾಕಾ ಎಂಬ ಪುಟ್ಟ ಬಂದರು. ಊರಿಗೂ ಬಂದರಿಗೂ ನಡುವೆ ಆಲಿವ್, ನಿಂಬೆ, ತರಕಾರಿ ತೋಟಗಳು. ಜನಸಂಖ್ಯೆ ನಾಲ್ಕು ಸಾವಿರದ ಒಳಗೆ. ಅಥೆನ್ಸಿನಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಬಸ್ಸಿನಲ್ಲಿ ಬರುವವರು ಅಥೆನ್ಸಿನ ಕಿಫಿಸೋಸ್ ನಿಲ್ದಾಣದಿಂದ ಅರ್ಕಾಡಿಯ ಜಿಲ್ಲೆಯ ‘ಕ್ತೆಲ್’ ಬಸ್ ಹಿಡಿಯಬೇಕು. ಬಸ್ಸುಗಳು ಕಡಿಮೆ, ವೇಳೆಯನ್ನು ಹಿಂದಿನ ದಿನವೇ ಫೋನಿನಲ್ಲಿ ವಿಚಾರಿಸಿ.

ಇಂದಿನ ಪ್ಲಾಕಾ ಇರುವಲ್ಲಿ ಹಿಂದೆ ಪ್ರಾಸಿಯೈ ಎಂಬ ಪಟ್ಟಣವಿತ್ತು. ಎರಡನೆಯ ಶತಮಾನದ ಪ್ರವಾಸಿ ಪೌಸಾನಿಯಸ್ ಇಲ್ಲಿಯವರ ಬಾಯಿಂದ ಕೇಳಿದ ಕಥೆಯೊಂದನ್ನು ಬರೆದಿಟ್ಟಿದ್ದಾನೆ. ಬೇರೆ ಯಾವ ಗ್ರೀಕರೂ ಈ ಕಥೆಯನ್ನು ಒಪ್ಪುವುದಿಲ್ಲ ಎಂದೂ ಸೇರಿಸಿದ್ದಾನೆ. ಸೆಮೆಲೆ ಎಂಬ ರಾಜಕುಮಾರಿ ದೇವರಿಂದ ಮಗುವನ್ನು ಪಡೆದಳು. ಸಿಟ್ಟಾದ ಅವಳ ತಂದೆ, ತಾಯಿ-ಮಗು ಇಬ್ಬರನ್ನೂ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಬಿಟ್ಟ. ಪೆಟ್ಟಿಗೆ ಈ ದಡಕ್ಕೆ ಬಂದಾಗ ತಾಯಿ ಸತ್ತಿದ್ದಳು, ಮಗು ಬದುಕಿತ್ತು. ಆ ಮಗುವೇ ದ್ರಾಕ್ಷಾರಸದ ದೇವರು ಡಯೋನೈಸಸ್. ಈ ಬಯಲಿಗೆ ಆಗ ‘ಡಯೋನೈಸಸ್‌ನ ತೋಟ’ ಎಂಬ ಹೆಸರಿತ್ತಂತೆ. ಪೆಟ್ಟಿಗೆಯಲ್ಲಿ ತೇಲಿದ ಕರ್ಣನನ್ನು ಬಲ್ಲ ನಮಗೆ ಈ ದಡ ಪರಕೀಯ ಅನ್ನಿಸುವುದಿಲ್ಲ.

ಲೆಯೊನೀದಿಯೊ ಎಂದ ಕೂಡಲೇ ಸ್ಪಾರ್ಟಾದ ರಾಜ ಲಿಯೊನಿಡಾಸ್ ನೆನಪಾಗುವುದು ಸಹಜ. ಆದರೆ ಊರಿನ ಹೆಸರು ಬಂದದ್ದು ಬಂದರಿನ ಬಳಿಯಿದ್ದ ಸಂತ ಲೆಯೊನೀದಿಸ್‌ನ ಹಳೆಯ ಗುಡಿಯಿಂದ. ರಾಜನ ಮಾತೆತ್ತಿದರೆ ಕಾಫಿ ಅಂಗಡಿಯಲ್ಲಿ ಯಾರಾದರೂ ತಿದ್ದುತ್ತಾರೆ. ಇದು ತ್ಸಾಕೊನಿಯ ನಾಡು. ಇದರ ಹಳೆಯ ಮುಖ್ಯ ಊರು ಬೆಟ್ಟದ ಮೇಲಿನ ಪ್ರಾಸ್ತೊಸ್. 1826ರಲ್ಲಿ, ಗ್ರೀಕ್ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, ಈಜಿಪ್ಟಿನ ಸೇನಾಪತಿ ಇಬ್ರಾಹಿಂ ಪಾಷಾನ ಸೈನ್ಯ ಪ್ರಾಸ್ತೊಸ್‌ಗೆ ಬೆಂಕಿ ಇಟ್ಟಿತು. ಚಳಿಗಾಲದ ಬಿಡಾರಕ್ಕೆಂದು ಕೆಳಗಿಳಿಯುತ್ತಿದ್ದ ಜನ ಆಮೇಲೆ ಇಲ್ಲಿಯೂ ಪಕ್ಕದ ತೀರೊಸ್‌ನಲ್ಲಿಯೂ ನೆಲೆ ನಿಂತರು. ಕೆಲವು ಮನೆತನದವರು ತಮ್ಮನ್ನು ಈಗಲೂ ಪ್ರಾಸ್ತೊಸ್‌ನವರೆಂದೇ ಹೇಳಿಕೊಳ್ಳುವುದು ಇದರಿಂದ.

ಆಡಳಿತದ ಲೆಕ್ಕದಲ್ಲಿ ಊರು ‘ದಕ್ಷಿಣ ಕಿನೂರಿಯ’ ಪುರಸಭೆಯ ಕೇಂದ್ರ. ‘ಕಾಲಿಕ್ರಾತಿಸ್’ ಎಂಬ ಕಾನೂನು 2011ರ ಜನವರಿಯಿಂದ ಜಾರಿಗೆ ಬಂದು ದೇಶದ ಸಾವಿರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳನ್ನು 325ಕ್ಕೆ ಇಳಿಸಿತು. ಆಗ ಲೆಯೊನೀದಿಯೊ, ತೀರೊಸ್ ಮತ್ತು ಬೆಟ್ಟದ ಮೇಲಿನ ಕೊಸ್ಮಾಸ್ ಒಂದಾದವು. ಮನೆ ತೆರಿಗೆ ಕಟ್ಟಲು ಪುರಸಭೆಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕೆಂದು ಕಾಯುವವರಿಗೆ ಒಂದು ಮಾತು: ಕಸ, ಬೀದಿದೀಪಗಳ ಪುರಸಭೆ ಶುಲ್ಕ ಇಲ್ಲಿ ವಿದ್ಯುತ್ ಬಿಲ್ಲಿನಲ್ಲಿಯೇ ಸೇರಿ ಬರುತ್ತದೆ. ಸರ್ಕಾರಿ ದೂರದರ್ಶನದ ಶುಲ್ಕವೂ ಅದರಲ್ಲಿಯೇ. ನೀರಿನ ಬಿಲ್ ಬೇರೆ.

ನಿಮ್ಮ ಕೆಲಸವೆಲ್ಲ ಶುರುವಾಗುವುದು ‘ಕೆಪ್’ ಎಂಬ ನಾಗರಿಕ ಸೇವಾ ಕೇಂದ್ರದಲ್ಲಿ. ಸಹಿ ನಿಮ್ಮದೇ ಎಂದು ದೃಢೀಕರಿಸುವುದು, ನಕಲಿಗೆ ಮುದ್ರೆ ಹಾಕುವುದು, ಬೇರೆ ಇಲಾಖೆಯ ಕಾಗದ ತರಿಸಿಕೊಡುವುದು ಎಲ್ಲ ಅವರ ಕೆಲಸ. ಎರಡು ಸಂಖ್ಯೆಗಳಿಲ್ಲದೆ ಇಲ್ಲಿ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ. ಒಂದು ‘ಆಫಿಮಿ’, ಒಂಬತ್ತು ಅಂಕಿಗಳ ತೆರಿಗೆ ಸಂಖ್ಯೆ. ಬಾಡಿಗೆ ಕರಾರು, ಬ್ಯಾಂಕ್ ಖಾತೆ, ವಿದ್ಯುತ್ ಸಂಪರ್ಕ ಎಲ್ಲಕ್ಕೂ ಬೇಕು. ಇನ್ನೊಂದು ‘ಆಮ್ಕಾ’, ಹನ್ನೊಂದು ಅಂಕಿಗಳ ಸಾಮಾಜಿಕ ಭದ್ರತಾ ಸಂಖ್ಯೆ. ಅದರ ಮೊದಲ ಆರು ಅಂಕಿ ನಿಮ್ಮ ಹುಟ್ಟಿದ ದಿನಾಂಕವಾದ್ದರಿಂದ ನೆನಪಿಡುವುದು ಸುಲಭ. ವಾಸದ ಪರವಾನಗಿ ಮಾತ್ರ ಪುರಸಭೆಯ ಕೈಯಲ್ಲಿಲ್ಲ, ಅದು ವಲಸೆ ಸಚಿವಾಲಯದ ವ್ಯವಹಾರ.

ಕನ್ನಡಿಗರಿಗೆ ನಿಜವಾದ ತೊಡಕು ಹೆಸರಿನದು. ಪ್ರತಿ ಅರ್ಜಿಯಲ್ಲಿಯೂ ನಾಲ್ಕು ಖಾನೆ: ಮನೆತನದ ಹೆಸರು, ಸ್ವಂತ ಹೆಸರು, ತಂದೆಯ ಹೆಸರು, ತಾಯಿಯ ಹೆಸರು. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ಒಂದು ಹೆಸರು. ಪಾಸ್‌ಪೋರ್ಟಿನಲ್ಲಿ ಒಂದು ಖಾನೆ ಖಾಲಿ ಇದ್ದರೆ ಇಲ್ಲಿನ ಗಣಕಯಂತ್ರ ಮುಂದೆ ಹೋಗಲು ಬಿಡದು. ಹೊರಡುವ ಮೊದಲೇ ಭಾರತದಲ್ಲಿ ಇದನ್ನು ಸರಿಪಡಿಸಿಕೊಂಡರೆ ಅರ್ಧ ಯಾತನೆ ತಪ್ಪುತ್ತದೆ.

ಇನ್ನರ್ಧ ಗ್ರೀಕ್ ಲಿಪಿಯದು. ಅದರಲ್ಲಿ ಬ, ದ, ಗ ಎಂಬ ಉಚ್ಚಾರಕ್ಕೆ ನೇರ ಅಕ್ಷರವಿಲ್ಲ. ‘ಬೀಟಾ’ ಎಂದು ನಾವು ಗಣಿತದಲ್ಲಿ ಕಲಿತ ಅಕ್ಷರವನ್ನು ಇವರು ವ ಎಂದು ಓದುತ್ತಾರೆ. ಬ ಬರೆಯಬೇಕಾದರೆ ಮ ಮತ್ತು ಪ ಅಕ್ಷರಗಳನ್ನು ಜೋಡಿಸಬೇಕು, ದ ಬೇಕಾದರೆ ನ ಮತ್ತು ತ. ಬಸವರಾಜ ಎಂಬುದನ್ನು ಒಬ್ಬ ಗುಮಾಸ್ತರು ವಸವರಾಜ ಎಂದು ಬರೆದರೆ ಇನ್ನೊಬ್ಬರು ಸರಿಯಾಗಿ ಬರೆದಾರು. ಗಣಕಯಂತ್ರದ ಕಣ್ಣಿಗೆ ಅವರು ಇಬ್ಬರು ಬೇರೆ ಮನುಷ್ಯರು. ನನ್ನ ಹೆಸರು ಒಂದು ಕಚೇರಿಯಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆಯಾಗಿ ಬಿದ್ದು, ಸರಿಪಡಿಸಲು ಎರಡು ತಿಂಗಳು ಓಡಾಡಿದೆ. ಮೊದಲ ಕಾಗದದಲ್ಲಿ ನಿಮ್ಮ ಹೆಸರು ಗ್ರೀಕ್ ಲಿಪಿಯಲ್ಲಿ ಹೇಗೆ ಬಿದ್ದಿದೆಯೋ ಅದನ್ನು ಅಕ್ಷರಕ್ಷರ ಓದಿ ನೋಡಿ. ಸರಿಯಿದ್ದರೆ ಅದರ ನಕಲನ್ನು ಚೀಲದಲ್ಲಿಟ್ಟುಕೊಂಡು ಪ್ರತಿ ಕಚೇರಿಯಲ್ಲಿ ‘ಹೀಗೆಯೇ ಬರೆಯಿರಿ’ ಎಂದು ತೋರಿಸಿ.

ಬೆಳಗ್ಗೆ ಹೋಗಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ. ಮಧ್ಯಾಹ್ನ ಊರಿಗೆ ಊರೇ ಮಲಗುತ್ತದೆ, ಮತ್ತು ಈ ನಿದ್ದೆಗೆ ಕಾನೂನಿನ ಬೆಂಬಲವಿದೆ: ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮೂರರಿಂದ ಐದೂವರೆ, ಉಳಿದ ತಿಂಗಳುಗಳಲ್ಲಿ ಮೂರೂವರೆಯಿಂದ ಐದೂವರೆ ಸದ್ದಿಲ್ಲದ ಹೊತ್ತು. ನಮ್ಮ ಮಿಕ್ಸಿಯ ಗದ್ದಲ ಈ ಹೊತ್ತಿನಲ್ಲಿ ಬೇಡ. ಚಟ್ನಿ ಬೆಳಗ್ಗೆಯೇ ರುಬ್ಬಿಟ್ಟುಕೊಳ್ಳಿ. ಅಂಗಡಿಗಳು ಸಾಮಾನ್ಯವಾಗಿ ಮಂಗಳವಾರ, ಗುರುವಾರ, ಶುಕ್ರವಾರ ಮಾತ್ರ ಸಂಜೆ ಮತ್ತೆ ತೆರೆಯುತ್ತವೆ.

ಕಾಯಿಲೆ ಬಿದ್ದರೆ ಊರಿನಲ್ಲಿ ಸರ್ಕಾರಿ ಆರೋಗ್ಯ ಕೇಂದ್ರವಿದೆ. ದೊಡ್ಡ ಆಸ್ಪತ್ರೆಗೆ ಜಿಲ್ಲಾ ಕೇಂದ್ರವಾದ ತ್ರಿಪೊಲಿಗೆ ಹೋಗಬೇಕು, ಬೆಟ್ಟದ ತಿರುವುಗಳ ದಾರಿ. ವೈದ್ಯರು ಬರೆದ ಔಷಧಿ ಚೀಟಿ ಮೊಬೈಲಿಗೆ ಸಂದೇಶವಾಗಿ ಬರುತ್ತದೆ, ಔಷಧಿ ಅಂಗಡಿಯವರು ಆಮ್ಕಾ ಸಂಖ್ಯೆ ಕೇಳಿ ಕೊಡುತ್ತಾರೆ. ರಾತ್ರಿ ಪಾಳಿಯಲ್ಲಿ ತೆರೆದಿರುವ ಅಂಗಡಿ ಯಾವುದೆಂಬ ಪಟ್ಟಿ ಪ್ರತಿ ಔಷಧಿ ಅಂಗಡಿಯ ಬಾಗಿಲಲ್ಲಿಯೂ ಇರುತ್ತದೆ. ಆಂಬ್ಯುಲೆನ್ಸಿಗೆ 166, ಬೆಂಕಿಗೆ 199, ಯಾವುದಕ್ಕಾದರೂ 112. ಬೇಸಿಗೆಯಲ್ಲಿ 112ರಿಂದ ಫೋನು ಕಿರುಚಿ ಕಾಡ್ಗಿಚ್ಚಿನ ಎಚ್ಚರಿಕೆ ಬಂದರೆ ಅದನ್ನು ಉದಾಸೀನ ಮಾಡಲೇಬೇಡಿ.

ಇಷ್ಟು ಕಾಗದದ ಬದುಕು. ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗುವುದು ಬೇರೆ ಕಡೆ.

ಕಾಫಿ ಅಂಗಡಿ ಅಂದರೆ ‘ಕಫೆನೀಯೊ’. ಸಕ್ಕರೆ ಇಲ್ಲದ್ದು ಸ್ಕೇತೊಸ್, ಹದವಾದದ್ದು ಮೇತ್ರಿಯೊಸ್, ಸಿಹಿಯಾದದ್ದು ಗ್ಲಿಕೋಸ್; ಕಾಫಿ ಕುದಿಸುವ ಮೊದಲೇ ಹೇಳಬೇಕು, ಸಕ್ಕರೆ ಒಟ್ಟಿಗೇ ಕುದಿಯುತ್ತದೆ. ಎರಡನೆಯ ತಿಂಗಳಲ್ಲಿ ನಾನು ಹಣ ಕೊಡಲು ಎದ್ದಾಗ ಅಂಗಡಿಯವರು ಹುಬ್ಬು ಮೇಲೆತ್ತಿ ‘ಚ್’ ಎಂದರು. ಇಲ್ಲ ಎನ್ನಲು ಇವರು ಹಾಗೆ ಮಾಡುತ್ತಾರೆ. ಮೂಲೆಯಲ್ಲಿ ಕುಳಿತಿದ್ದ ಮುದುಕರೊಬ್ಬರು ನನ್ನ ಕಾಫಿಯ ಹಣ ಕೊಟ್ಟಾಗಿತ್ತು. ಇದಕ್ಕೆ ‘ಕೇರಸ್ಮಾ’ ಎನ್ನುತ್ತಾರೆ. ಅಲ್ಲಿಯೇ ಹಣ ಹಿಂದಿರುಗಿಸಲು ಹೋಗಬಾರದು; ತಲೆಬಾಗಿ ವಂದಿಸಿ, ಇನ್ನೊಂದು ದಿನ ಅವರ ಕಾಫಿಯ ಹಣವನ್ನು ಸದ್ದಿಲ್ಲದೆ ಕೊಡಬೇಕು.

ವಿದ್ಯುತ್ ಕಂಬಗಳನ್ನು ಓದುವುದನ್ನು ಅಭ್ಯಾಸ ಮಾಡಿಕೊಳ್ಳಿ. ಊರಿನಲ್ಲಿ ಯಾರು ತೀರಿಕೊಂಡರೂ ಹೆಸರು, ಮಕ್ಕಳು ಮೊಮ್ಮಕ್ಕಳ ಹೆಸರು, ಅಂತ್ಯಕ್ರಿಯೆಯ ಹೊತ್ತು ಬರೆದ ಹಾಳೆಯನ್ನು ಕಂಬಕ್ಕೆ ಅಂಟಿಸುತ್ತಾರೆ. ನೆರೆಯವರದಾದರೆ ಹೋಗಬೇಕು, ಧರ್ಮ ಬೇರೆ ಎಂದು ಯಾರೂ ತಡೆಯುವುದಿಲ್ಲ. ನಲವತ್ತನೆಯ ದಿನದ ಪ್ರಾರ್ಥನೆಯ ಬಳಿಕ ಬೇಯಿಸಿದ ಗೋಧಿಗೆ ಸಕ್ಕರೆ, ದಾಳಿಂಬೆ ಕಾಳು ಬೆರೆಸಿದ ‘ಕೋಲಿವಾ’ ಹಂಚುತ್ತಾರೆ. ಎರಡೂ ಕೈಯೊಡ್ಡಿ ತೆಗೆದುಕೊಳ್ಳಿ.

ಊರಿನವರ ಮನಸ್ಸು ತೆರೆಯುವ ಕೀಲಿಕೈ ಬದನೆಕಾಯಿ. ಇಲ್ಲಿನ ತ್ಸಾಕೊನಿಯ ಬದನೆ ಉದ್ದ, ತಿಳಿ ನೇರಳೆಯ ಮೇಲೆ ಬಿಳಿ ಗೀರು, ಕಹಿಯಿಲ್ಲ. 1996ರಲ್ಲಿ ಯುರೋಪಿನ ಒಕ್ಕೂಟ ಇದಕ್ಕೆ ಮೂಲಸ್ಥಾನದ ರಕ್ಷಣೆ ಕೊಟ್ಟಿದೆ. ಎಳೆಕಾಯಿಯನ್ನು ಸಕ್ಕರೆ ಪಾಕದಲ್ಲಿ ಹಾಕಿ ಚಮಚದ ಸಿಹಿ ಮಾಡಿ ಅತಿಥಿಗೆ ತಟ್ಟೆಯಲ್ಲಿಟ್ಟು ಕೊಡುತ್ತಾರೆ. ನಮ್ಮ ಉಡುಪಿಯ ಮಟ್ಟುಗುಳ್ಳಕ್ಕೂ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಒಂದೇ ಊರಿನ ಮಣ್ಣಿನ ಬದನೆ ಅದೂ ಎಂದು ತೋಟದವರಿಗೆ ಹೇಳಿದೆ. ಅವರು ಬುಟ್ಟಿ ಕೆಳಗಿಟ್ಟು, ಅದರ ಬೀಜ ಯಾವಾಗ ಬಿತ್ತುತ್ತೀರಿ, ನೀರು ಎಷ್ಟು, ಎಂದು ಅರ್ಧ ಗಂಟೆ ಕೇಳಿದರು. ಎಣ್ಣೆಗಾಯಿ ಮಾಡಿ ಒಯ್ದುಕೊಟ್ಟ ಮೇಲೆ ನಮ್ಮ ಮನೆಗೆ ತರಕಾರಿ ಕೊಂಡು ತರುವ ಅಗತ್ಯ ಕಡಿಮೆಯಾಯಿತು.

ಇನ್ನು ಭಾಷೆ. ಊರಿನ ಫಲಕವೊಂದರಲ್ಲಿ ಗ್ರೀಕ್ ಅಲ್ಲದಂತೆ ಕಾಣುವ ಸಾಲು ಇದೆ: ‘ಗ್ರೂಸಾ ನಾಮು ಈನಿ ತಾ ತ್ಸಾಕೊನಿಕಾ’, ನಮ್ಮ ಭಾಷೆ ತ್ಸಾಕೊನಿಕಾ, ನಿಮ್ಮೊಡನೆ ಆ ಭಾಷೆಯಲ್ಲಿ ಮಾತನಾಡಲು ನಮ್ಮನ್ನು ಕೇಳಿ ಎಂದು ಮುಂದುವರಿಯುತ್ತದೆ. ಇಂದಿನ ಗ್ರೀಕ್ ಭಾಷೆಯ ಎಲ್ಲ ಬಗೆಗಳೂ ಅಲೆಗ್ಸಾಂಡರನ ನಂತರ ಹರಡಿದ ಸಾಮಾನ್ಯ ಗ್ರೀಕಿನಿಂದ ಬಂದರೆ, ಇದೊಂದು ಮಾತ್ರ ಸ್ಪಾರ್ಟಾದವರು ಆಡುತ್ತಿದ್ದ ಡೋರಿಕ್ ಮಾತಿನ ಕುಡಿ. ಗ್ರೀಕರ ‘ಗ್ಲೋಸಾ’ ಇಲ್ಲಿ ‘ಗ್ರೂಸಾ’. ದಿನಕ್ಕೆ ಅವರು ‘ಇಮೇರಾ’ ಎಂದರೆ ಇವರು ಹಳೆಯ ಸ್ವರ ಉಳಿಸಿಕೊಂಡು ‘ಅಮೇರಾ’ ಎನ್ನುತ್ತಾರೆ. ಶಾಲೆಯಲ್ಲಿ ಈ ಮಾತಾಡಿ ಬೈಸಿಕೊಂಡದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಮಕ್ಕಳೊಡನೆ ಈಗ ಗ್ರೀಕ್ ಆಡುವವರೇ ಹೆಚ್ಚು, ಭಾಷೆ ಅಳಿವಿನ ಅಂಚಿನಲ್ಲಿದೆ. ಮನೆಯಲ್ಲಿ ತುಳು, ಕೊಡವ ಆಡಿ ಬೀದಿಯಲ್ಲಿ ಕನ್ನಡ ಆಡುವವರ ನಾಡಿನಿಂದ ಬಂದ ನಮಗೆ ಈ ನೋವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮೊದಲು ಗ್ರೀಕ್ ಕಲಿಯಿರಿ, ಅದಿಲ್ಲದೆ ಕೆಪ್‌ನಲ್ಲಿ ಕೆಲಸ ಆಗುವುದಿಲ್ಲ. ಜೊತೆಗೆ ‘ಕಾಊರ್ ಎಕಾನತೆ’ ಎಂಬ ಸ್ವಾಗತದ ಮಾತನ್ನು ಕಲಿತಿಟ್ಟುಕೊಂಡು, ಮನೆಗೆ ಹಿರಿಯರು ಬಂದಾಗ ಹೇಳಿ ನೋಡಿ.

ಈಸ್ಟರ್ ಶನಿವಾರ ರಾತ್ರಿ ಊರು ಬಿಟ್ಟು ಎಲ್ಲಿಗೂ ಹೋಗಬೇಡಿ. ಊರಿನ ಐದು ಚರ್ಚ್ ಕೇರಿಗಳ ಯುವಕರು ವಾರಗಟ್ಟಲೆ ಕಾಗದ ಅಂಟಿಸಿ ಬೆಂಕಿಯ ಬಲೂನುಗಳನ್ನು ಮಾಡಿರುತ್ತಾರೆ. ಹಿಂದೆ ಪೂರ್ವದೇಶಗಳಿಗೆ ಹೋಗಿದ್ದ ನಾವಿಕರು ಈ ವಿದ್ಯೆ ತಂದರೆಂದು ಊರವರು ಹೇಳುತ್ತಾರೆ. ನಡುರಾತ್ರಿ ‘ಕ್ರಿಸ್ತೋಸ್ ಅನೇಸ್ತಿ’ (ಕ್ರಿಸ್ತ ಮತ್ತೆ ಎದ್ದಿದ್ದಾನೆ) ಎಂಬ ಹಾಡು ಎದ್ದ ಕೂಡಲೇ ಐದೂ ಕಡೆಯಿಂದ ಬಲೂನುಗಳು ಏಳುತ್ತವೆ, ಯಾವ ಕೇರಿಯದು ಹೆಚ್ಚು ಮೇಲೆ ಹೋಯಿತೆಂಬ ಪೈಪೋಟಿ. ಅವುಗಳ ಬೆಳಕಿನಲ್ಲಿ ಕೆಂಪು ಬಂಡೆ ಒಂದು ಕ್ಷಣ ಕಂಡು ಮತ್ತೆ ಕತ್ತಲಾಗುತ್ತದೆ. ನೀವು ಯಾವ ಕೇರಿಯಲ್ಲಿ ಬಾಡಿಗೆಗೆ ಇದ್ದೀರೋ ಆ ಚರ್ಚಿನ ಅಂಗಳದಲ್ಲಿಯೇ ನಿಲ್ಲಿ, ಮರುದಿನ ಅದನ್ನು ಜನ ನೆನಪಿಡುತ್ತಾರೆ.

ಚರ್ಚಿನಲ್ಲಿ ಹೊತ್ತಿಸಿಕೊಂಡ ಮೇಣದಬತ್ತಿಯನ್ನು ಆರದಂತೆ ಕೈ ಮರೆಮಾಡಿ ಎಲ್ಲರೂ ಮನೆಗೆ ತರುತ್ತಾರೆ. ಬಾಗಿಲ ಮೇಲುಕಟ್ಟಿಗೆ ಅದರ ಹೊಗೆಯಿಂದ ಶಿಲುಬೆಯ ಗುರುತು ಮಾಡಿ ಒಳಗೆ ಹೋಗುತ್ತಾರೆ. ನಮ್ಮ ಎರಡನೆಯ ಈಸ್ಟರಿನಂದು ಪಕ್ಕದ ಮನೆಯವರು ತಮ್ಮ ಬಾಗಿಲಿಗೆ ಗುರುತು ಹಾಕಿ, ಬತ್ತಿ ಹಿಡಿದೇ ನಮ್ಮ ಬಾಗಿಲ ಮುಂದೆ ನಿಂತು, ಹಾಕಲೇ ಎಂದು ಕಣ್ಣಿನಲ್ಲಿಯೇ ಕೇಳಿದರು. ಹಾಕಿ ಎಂದೆ. ಬಾಡಿಗೆ ಮನೆಗೆ ಬಂದಾಗ ಬಾಗಿಲ ಮೇಲೆ ಇಂಥ ಮಸಿಗುರುತು ಕಂಡರೆ ಕೊಳೆಯೆಂದು ಉಜ್ಜಿ ಒರೆಸಬೇಡಿ.