56 ಮತ್ತು 152: ಸಿ ಲೈಬ್ರರಿಯ ಹೆಡರ್ ಫೈಲ್ ನೋಡಿಕೊಂಡ ನನ್ನ ಅನುಭವ

"ಮೇಡಂ, ಚಿತ್ರ ಸರಿ ಇದ್ದರೆ ಎಲ್ಲಾ ಚೆನ್ನಾಗಿ ಓಡುತ್ತೆ. ಫೈಲ್ ಹಾಳಾಗಿದ್ದರೆ ಮಾತ್ರ ಬೋರ್ಡ್ ನಿಂತೇ ಹೋಗುತ್ತೆ."

ಗ್ರಾಹಕರ ಕಡೆಯ ಇಂಜಿನಿಯರ್ ಫೋನಿನಲ್ಲಿ ಹೀಗೆ ಹೇಳಿದಾಗ ನನಗೆ ಹೆಡರ್ ಫೈಲ್ (ಬೇರೆ ಬೇರೆ ಸಿ ಫೈಲ್‌ಗಳು ಹಂಚಿಕೊಳ್ಳುವ ಘೋಷಣೆಗಳ ಫೈಲ್) ಮೇಲೆ ಅನುಮಾನವೇ ಬರಲಿಲ್ಲ. ಹಾಳಾದ ಫೈಲ್ ಓದುವಾಗ ಡಿಕೋಡರ್, ಅಂದರೆ ಚಿತ್ರದ ಫೈಲನ್ನು ಬಿಡಿಸುವ ಕೋಡ್, ಎಡವುವುದು ಹೊಸದೇನಲ್ಲ ಅಲ್ವಾ? ಡಿಕೋಡರ್ ಕೋಡನ್ನೇ ಎರಡು ದಿನ ಜಾಲಾಡಿದೆ. ತಪ್ಪು ಇದ್ದದ್ದು ನಾನೇ ಕೆಲವು ತಿಂಗಳ ಹಿಂದೆ ಬದಲಿಸಿದ್ದ ಒಂದು ಸಾಲಿನಲ್ಲಿ.

ನನ್ನ ಕೆಲಸ ಬೆಂಗಳೂರಿನಲ್ಲಿ, ರಿಸ್ಕ್ ಫೈವ್ ಎಂಬ ಪ್ರೊಸೆಸರ್ ವಿನ್ಯಾಸದ ಚಿಕ್ಕ ಮೈಕ್ರೋಕಂಟ್ರೋಲರ್‌ಗಳಿಗೆ ಟೂಲ್‌ಚೈನ್ (ಕಂಪೈಲರ್, ಲಿಂಕರ್, ಲೈಬ್ರರಿಗಳ ಗುಂಪು) ಕಟ್ಟಿಕೊಡುವುದು. ಆಪರೇಟಿಂಗ್ ಸಿಸ್ಟಮ್ ಇಲ್ಲದ ಇಂಥ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಸಿ ಲೈಬ್ರರಿ ನ್ಯೂಲಿಬ್. 1990ರ ದಶಕದಲ್ಲಿ ಸಿಗ್ನಸ್ ಕಂಪನಿಯವರು ಕಟ್ಟಿದ ಲೈಬ್ರರಿ ಅದು, ಇವತ್ತಿಗೂ ಜೀವಂತವಾಗಿದೆ. ಅದರ ಹೆಡರ್‌ಗಳಲ್ಲಿ 'ಮಷೀನ್' ಎಂಬ ಫೋಲ್ಡರ್ ಇದೆ. ಪ್ರೊಸೆಸರ್‌ಗೆ ತಕ್ಕಂತೆ ಬದಲಾಗುವ ವಿಷಯಗಳೆಲ್ಲ ಅಲ್ಲಿ ಬಂದು ಕೂರುತ್ತವೆ: ಬೈಟ್‌ಗಳ ಕ್ರಮ, ಇಂಟಿಜರ್‌ಗಳ ಅಳತೆ, ಸೆಟ್‌ಜಂಪ್‌ಗೆ ಬೇಕಾದ ಜಾಗ. ಫೈಲ್‌ಗಳು ಚಿಕ್ಕವು. ಸಾಲುಗಳು ಸರಳ. ಹಾಗಾಗಿ ಎಲ್ಲರಿಗೂ ಅವನ್ನು ಸುಮ್ನೆ ಒಮ್ಮೆ ತಿದ್ದಿಬಿಡೋಣ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ನಾನು ತಿದ್ದಿದ್ದು ಜಂಪ್‌ಬಫ್ ಅಳತೆಯನ್ನು. ಸೆಟ್‌ಜಂಪ್ ಎಂಬ ಫಂಕ್ಷನ್ ಕರೆದಾಗ ಪ್ರೊಸೆಸರ್‌ನ ಕೆಲವು ರಿಜಿಸ್ಟರ್‌ಗಳಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಮನೆಗಳಲ್ಲಿ) ಇರುವುದನ್ನು ಅದು ಜಂಪ್‌ಬಫ್ ಎಂಬ ಒಂದು ಅರೆಯಲ್ಲಿ (array) ಎತ್ತಿಡುತ್ತದೆ. ಆಮೇಲೆ ಲಾಂಗ್‌ಜಂಪ್ ಅವನ್ನು ವಾಪಸ್ ತುಂಬಿ, ಹಳೆಯ ಜಾಗಕ್ಕೆ ಹಾರಿಸುತ್ತದೆ. ರಿಸ್ಕ್ ಫೈವ್‌ನಲ್ಲಿ ಹೀಗೆ ಎತ್ತಿಡಬೇಕಾದ ಸಾಮಾನ್ಯ ರಿಜಿಸ್ಟರ್‌ಗಳು 14: ಆರ್‌ಎ, ಎಸ್‌ಪಿ, ಮತ್ತು ಎಸ್0 ಇಂದ ಎಸ್11. ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಸಂಖ್ಯೆಗಳ) ಕಡೆಯಿಂದ ಇನ್ನೂ 12. 32 ಬಿಟ್ ಚಿಪ್‌ನಲ್ಲಿ 14 ರಿಜಿಸ್ಟರ್‌ಗೆ 56 ಬೈಟ್, 12 ಡಬಲ್‌ಗೆ (8 ಬೈಟಿನ ದಶಮಾಂಶ ಸಂಖ್ಯೆ) 96 ಬೈಟ್, ಒಟ್ಟು 152. ಆದರೆ ನಮ್ಮ ಹೆಡರ್ ಪ್ರಕಾರ ಜಂಪ್‌ಬಫ್ ಅಳತೆ 304. ಕಾರಣವೂ ಅಲ್ಲೇ ಬರೆದಿತ್ತು. ಡಬಲ್ ಎತ್ತಿಡುವಾಗ ವಿಳಾಸ 8ರ ಗುಣಕದಲ್ಲಿ ಇರಲಿ ಅಂತ ಅರೆಯ ಒಂದೊಂದು ಮನೆಯನ್ನೂ 8 ಬೈಟಿನ ಲಾಂಗ್ ಲಾಂಗ್ ಮಾಡಿದ್ದರು. ಮನೆಗಳ ಎಣಿಕೆ ಮಾತ್ರ 4 ಬೈಟ್ ಲೆಕ್ಕದಲ್ಲೇ ಉಳಿದಿತ್ತು. ಹಾಗಾಗಿ ಜಾಗ ಎರಡರಷ್ಟು.

ಕೆಲವೇ ಕಿಲೋಬೈಟ್ ರ‍್ಯಾಮ್ ಇರುವ ಚಿಪ್‌ನಲ್ಲಿ 304 ಬೈಟ್ ನೋಡಿ ಸಂಕಟವಾಯಿತು. ಅದರಲ್ಲೂ ನಮ್ಮ ಚಿಕ್ಕ ಮಾದರಿಯಲ್ಲಿ ಫ್ಲೋಟಿಂಗ್ ಪಾಯಿಂಟ್ ಘಟಕವೇ ಇಲ್ಲ. ಹಾಗಾಗಿ ಒಂದು ಷರತ್ತು ಹಾಕಿದೆ: ಚಿಪ್‌ನಲ್ಲಿ ಆ ಘಟಕ ಇದ್ದರೆ 152, ಇಲ್ಲದಿದ್ದರೆ 56. ಎಲ್ಲ ಟೆಸ್ಟೂ ಪಾಸಾದವು. ಟೂಲ್‌ಚೈನ್ ಬಿಡುಗಡೆ ಆಯಿತು.

ಮೂರನೇ ದಿನ ಬೋರ್ಡಿಗೆ ಜಿಡಿಬಿ ಎಂಬ ಡೀಬಗರ್ ಹಾಕಿ ಕೂತೆ. ಬೋರ್ಡ್ ನಿಂತಾಗ ಟ್ರ್ಯಾಪ್ ಹ್ಯಾಂಡ್ಲರ್‌ನ (ತಪ್ಪು ನಡೆದಾಗ ಪ್ರೊಸೆಸರ್ ಹಾರುವ ಕೋಡ್) ಖಾಲಿ ಲೂಪ್‌ನಲ್ಲಿ ಸುತ್ತುತ್ತಿತ್ತು. ಅದಕ್ಕೆ ಮುಂಚೆ ಎಲ್ಲಿದ್ದೆ ಎಂದು ಕೇಳಿದರೆ ಉತ್ತರ ಸೊನ್ನೆ. ಯಾರೋ ಸೊನ್ನೆ ವಿಳಾಸದ ಫಂಕ್ಷನ್ ಕರೆದಿದ್ದಾರೆ. ಗ್ರಾಹಕರ ಕೋಡಿನಲ್ಲಿ ಒಂದು ಸ್ಟ್ರಕ್ಟ್ (ಹಲವು ಮಾಹಿತಿಗಳನ್ನು ಒಟ್ಟಿಗೆ ಇಡುವ ರಚನೆ) ಇತ್ತು. ಮೊದಲು ಜಂಪ್‌ಬಫ್, ಅದರ ಹಿಂದೆಯೇ ಎರರ್ ಬಂದಾಗ ಕರೆಯಬೇಕಾದ ಫಂಕ್ಷನ್ನಿನ ಪಾಯಿಂಟರ್. ಆ ಪಾಯಿಂಟರ್ ಎಷ್ಟನೇ ಬೈಟಿನಲ್ಲಿದೆ ಎಂದು ಜಿಡಿಬಿಯನ್ನು ಕೇಳಿದೆ. 152 ಎಂದಿತು. ಸರಿಯಾಗಿಯೇ ತುಂಬಿದ್ದರು, ಒಳಗಿದ್ದ ವಿಳಾಸವೂ ಸರಿ. ಆಮೇಲೆ ನಮ್ಮ ಡಿಕೋಡರ್ ಲೈಬ್ರರಿಯನ್ನು ಡಿಸ್‌ಅಸೆಂಬಲ್ ಮಾಡಿ, ಅದೇ ಪಾಯಿಂಟರ್ ಓದುವ ಸಾಲು ಹುಡುಕಿದೆ.

ಎಲ್‌ಡಬ್ಲ್ಯೂ ಎ5, 56(ಎ0).

ಆ 56 ಕಂಡ ಕೂಡಲೇ ಕೈ ತಣ್ಣಗಾಯಿತು. ಡಿಕೋಡರ್ ಲೈಬ್ರರಿಯನ್ನು ನಾವು ಒಂದೇ ಸಲ, ಚಿಕ್ಕ ಚಿಪ್‌ಗೆಂದು ಕಂಪೈಲ್ ಮಾಡಿ, ಎರಡೂ ಚಿಪ್‌ಗೆ ಕೊಡುತ್ತಿದ್ದೆವು. ಗ್ರಾಹಕರು ತಮ್ಮ ಕೋಡನ್ನು ದೊಡ್ಡ ಚಿಪ್‌ಗೆ ಕಂಪೈಲ್ ಮಾಡಿದ್ದರು. ತುಂಬುವವರು 152ನೇ ಬೈಟಿನಲ್ಲಿ ಇಟ್ಟರು, ಓದುವವರು 56ನೇ ಬೈಟಿನಲ್ಲಿ ಹುಡುಕಿದರು. ಕೊಡುವವರದ್ದು ಒಂದು ಸೇರು, ತಗೊಳ್ಳುವವರದ್ದು ಇನ್ನೊಂದು ಸೇರು. 56ನೇ ಬೈಟಿನಲ್ಲಿ ಯಾರೂ ಏನೂ ಬರೆದಿರಲಿಲ್ಲ, ಸ್ಟ್ರಕ್ಟ್ ಗ್ಲೋಬಲ್ ಆಗಿದ್ದರಿಂದ ಅಲ್ಲಿ ಸೊನ್ನೆ ಇತ್ತು.

ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್ ಯಾಕೆ ತಡೆಯಲಿಲ್ಲ? ಇಲ್ಲೇ ನನಗೆ ನಿಜವಾದ ಪಾಠ ಸಿಕ್ಕಿದ್ದು. ಎರಡೂ ಕಡೆ ಎಬಿಐ, ಅಂದರೆ ಬೇರೆ ಬೇರೆಯಾಗಿ ಕಂಪೈಲ್ ಆದ ಕೋಡ್ ಒಟ್ಟಿಗೆ ಓಡಲು ಪಾಲಿಸುವ ಒಪ್ಪಂದ, ಒಂದೇ. ಒಂದೇ ಲೈಬ್ರರಿ ಎರಡೂ ಚಿಪ್‌ಗೆ ಹೊಂದಲಿ ಅಂತ ನಾವೇ ಸಾಫ್ಟ್ ಫ್ಲೋಟ್ ಎಬಿಐ (ಫಂಕ್ಷನ್ ಕರೆಗಳಲ್ಲಿ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್ ಬಳಸದ ಕ್ರಮ) ಆರಿಸಿದ್ದೆವು. ಒಬ್ಬರು ಹಾರ್ಡ್ ಫ್ಲೋಟ್ ಎಬಿಐ, ಇನ್ನೊಬ್ಬರು ಸಾಫ್ಟ್ ಫ್ಲೋಟ್ ಆಗಿದ್ದರೆ ಲಿಂಕರ್ ಅಲ್ಲೇ ಬಾಗಿಲು ಹಾಕುತ್ತಿತ್ತು. ಎಬಿಐ ಒಂದೇ ಆಗಿ, ಚಿಪ್‌ನಲ್ಲಿ ಒಂದು ಘಟಕ ಜಾಸ್ತಿ ಇದ್ದರೆ ಅದಕ್ಕೆ ಅಭ್ಯಂತರವಿಲ್ಲ. ಇರಬಾರದು ಕೂಡ. ಎಬಿಐ ಒಂದೇ ಎಂದರೆ "ನಾವಿಬ್ಬರೂ ಸೇರಿ ಓಡಬಲ್ಲೆವು" ಎಂದೇ ಅರ್ಥ. ಆ ಮಾತನ್ನು ಮುರಿದದ್ದು ನನ್ನ ಷರತ್ತು. ಇನ್ನೊಂದು ನೋಡಿ: ಸಾಫ್ಟ್ ಫ್ಲೋಟ್ ಎಬಿಐಯಲ್ಲಿ ಸೆಟ್‌ಜಂಪ್ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್‌ಗಳನ್ನು ಎತ್ತಿಡುವುದೇ ಇಲ್ಲ, ಎತ್ತಿಡಬೇಕಾಗಿಯೂ ಇಲ್ಲ. ಅಸೆಂಬ್ಲಿ ಕೋಡ್ ಎಬಿಐ ನೋಡಿಯೇ ತೀರ್ಮಾನ ಮಾಡುತ್ತಿತ್ತು. ಚಿಪ್ ನೋಡಿ ತೀರ್ಮಾನ ಮಾಡಿದವಳು ನಾನು.

ಈ ಫೈಲ್‌ಗಳನ್ನು ಪ್ರೊಸೆಸರ್ ಹೆಡರ್ ಎಂದು ಕರೆಯುವುದೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅವುಗಳಲ್ಲಿ ಬಹುಪಾಲು ಹೇಳುವುದು ಪ್ರೊಸೆಸರ್ ಬಗ್ಗೆ ಅಲ್ಲ, ಎಬಿಐ ಬಗ್ಗೆ. ಆರ್ಮ್ ಎಂಬ ಇನ್ನೊಂದು ಪ್ರೊಸೆಸರ್‌ನ ಉದಾಹರಣೆ ತಗೊಳ್ಳಿ. ಹಳೆಯ ಆರ್ಮ್‌ನಲ್ಲಿ ಡಬಲ್‌ನ ಎರಡು ವರ್ಡ್‌ಗಳು ತಿರುವುಮುರುವಾಗಿ ಇರುತ್ತಿದ್ದವು. ಹೊಸ ಕ್ರಮಕ್ಕೆ ವಿಎಫ್‌ಪಿ ಹೆಸರಿನ ಒಂದು ಮ್ಯಾಕ್ರೋ ಇದೆ. ಹೆಸರು ನೋಡಿದರೆ ಚಿಪ್‌ನಲ್ಲಿ ವಿಎಫ್‌ಪಿ, ಅಂದರೆ ಆರ್ಮ್‌ನ ಫ್ಲೋಟಿಂಗ್ ಪಾಯಿಂಟ್ ಘಟಕ ಇದೆ ಎಂದುಕೊಳ್ಳುತ್ತೇವೆ. ಹಾಗಲ್ಲ. ಲೆಕ್ಕವೆಲ್ಲ ಸಾಫ್ಟ್‌ವೇರ್‌ನಲ್ಲೇ ನಡೆದರೂ ಆ ಮ್ಯಾಕ್ರೋ ಇರುತ್ತದೆ. ಅದು ಹೇಳುವುದು ಡಬಲ್ ಮೆಮೊರಿಯಲ್ಲಿ ಯಾವ ಕ್ರಮದಲ್ಲಿದೆ ಎಂದು ಮಾತ್ರ. ನ್ಯೂಲಿಬ್ ಹೆಡರ್‌ನಲ್ಲಿ ಇದನ್ನು ವಿವರಿಸಿ ಕಾಮೆಂಟ್ ಬರೆದಿದ್ದಾರೆ. ಎಷ್ಟೋ ಸಲ ಓದಿದ್ದೆ, ಅರ್ಥವಾಗಿದ್ದು ಆ ದಿನ.

ಇದು ನಮ್ಮಂಥ ಚಿಕ್ಕ ತಂಡಕ್ಕೆ ಮಾತ್ರ ಬಂದ ಕಷ್ಟವಲ್ಲ. 2014ರಲ್ಲಿ ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿ 2.19 ಬಂದಾಗ ಐಬಿಎಂ ಮೇನ್‌ಫ್ರೇಮ್‌ನ ಎಸ್390 ಪ್ರೊಸೆಸರ್‌ಗೆ ಜಂಪ್‌ಬಫ್ ಅಳತೆಯನ್ನು ದೊಡ್ಡದು ಮಾಡಿದ್ದರು. ಸಿಂಬಲ್‌ಗಳಿಗೆ (ಲಿಂಕ್ ಮಾಡುವಾಗ ಹುಡುಕುವ ಹೆಸರುಗಳಿಗೆ) ಹೊಸ ವರ್ಷನ್ ಕೊಟ್ಟೇ ಮಾಡಿದ್ದರು. ಆದರೂ 2.20ರಲ್ಲಿ ಹಳೆಯ ಅಳತೆಗೆ ವಾಪಸ್ ಬಂದರು. ಸಿಂಬಲ್ ವರ್ಷನ್ ಫಂಕ್ಷನ್ನಿಗೆ ಕಾವಲು, ಯಾರದೋ ಸ್ಟ್ರಕ್ಟ್ ಒಳಗೆ ಕೂತ ಜಂಪ್‌ಬಫ್‌ಗೆ ಅಲ್ಲ. ಪಿಎನ್‌ಜಿ ಚಿತ್ರಗಳ ಲೈಬ್ರರಿಯಾದ ಲಿಬ್‌ಪಿಎನ್‌ಜಿಯವರು ಇದನ್ನು ಚೆನ್ನಾಗಿ ಅರಿತವರು. ಅವರ ಲೈಬ್ರರಿ ಈಗ ಜಂಪ್‌ಬಫ್ ಅಳತೆಯನ್ನು ಕರೆಯುವವರಿಂದಲೇ ಕೇಳಿ ತಿಳಿಯುತ್ತದೆ.

ರಿಪೇರಿಗೆ ಬರೋಣ. 304ಕ್ಕೇ ವಾಪಸ್ ಹೋದೆ. ಜಾಗ ವ್ಯರ್ಥ, ನಿಜ. ಆದರೆ ಮೂಲ ನ್ಯೂಲಿಬ್ ಜೊತೆ ಹೊಂದಿಕೊಂಡಿರುವುದಕ್ಕೆ ನಾನು ಈಗ ರ‍್ಯಾಮ್‌ಗಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಅಷ್ಟರಲ್ಲಿ ತಪ್ಪು ಅಳತೆಯಲ್ಲಿ ಕಂಪೈಲ್ ಆದ ಲೈಬ್ರರಿಗಳು ಹೊರಗೆ ಹೋಗಿದ್ದವು. ಅವು ಹೊಸದರ ಜೊತೆ ಸದ್ದಿಲ್ಲದೆ ಸೇರಿಬಿಟ್ಟರೆ ಮತ್ತೆ ಅದೇ ಕಥೆ. ನಮ್ಮಲ್ಲಿ ಎಲ್ಲವೂ ಸ್ಟ್ಯಾಟಿಕ್ ಲಿಂಕ್, ಸಿಂಬಲ್ ವರ್ಷನ್ ಅನ್ನುವ ಅನುಕೂಲ ಇಲ್ಲ. ಅದಕ್ಕೆ ಹೆಡರ್‌ನಲ್ಲಿ ಸೆಟ್‌ಜಂಪ್, ಲಾಂಗ್‌ಜಂಪ್ ಎರಡಕ್ಕೂ ಎಎಸ್‌ಎಂ ಲೇಬಲ್ ಹಾಕಿ, ಆಬ್ಜೆಕ್ಟ್ ಫೈಲ್‌ನಲ್ಲಿ ಬೇರೆ ಹೆಸರು ಬರುವಂತೆ ಮಾಡಿದೆ. ಹಳೆಯ ಹೆಸರನ್ನು ಲೈಬ್ರರಿಯಿಂದ ತೆಗೆದೆ. ಈಗ ಹಳೆಯ ಲೈಬ್ರರಿ ತಂದರೆ ಲಿಂಕ್ ಆಗುವುದೇ ಇಲ್ಲ. ಬೋರ್ಡ್ ಮೇಲೆ ಮೂರು ದಿನ ಹುಡುಕುವುದಕ್ಕಿಂತ ಲಿಂಕರ್ ಎರರ್ ಎಷ್ಟೋ ವಾಸಿ. ಎರಡು ಫಂಕ್ಷನ್ನನ್ನೂ ಕರೆಯದೆ ಬರೀ ಸ್ಟ್ರಕ್ಟ್ ಹಂಚಿಕೊಳ್ಳುವ ಲೈಬ್ರರಿ ಇದ್ದರೆ ಈ ಬಲೆಯಿಂದ ತಪ್ಪಿಸಿಕೊಳ್ಳುತ್ತದೆ. ಅಂಥವನ್ನು ನಾವೇ ಕೂತು ಒಂದೊಂದಾಗಿ ಹುಡುಕಿ ಮತ್ತೆ ಕಂಪೈಲ್ ಮಾಡಿದೆವು.

ಆಮೇಲೆ ಒಂದು ಚಿಕ್ಕ ತಪಾಸಣೆ ಬರೆದೆ. ಇದನ್ನು ಯಾರು ಬೇಕಾದರೂ ಮಾಡಬಹುದು, ಬೋರ್ಡ್ ಬೇಡ. ಒಂದು ಸಿ ಫೈಲ್‌ನಲ್ಲಿ ಜಂಪ್‌ಬಫ್ ಅಳತೆಯಷ್ಟೇ ಉದ್ದದ ಒಂದು ಕ್ಯಾರ್ ಅರೆ ಘೋಷಿಸಿ. ಹೀಗೇ ಮುಖ್ಯವಾದ ಪ್ರತಿಯೊಂದು ಟೈಪ್‌ಗೂ ಒಂದೊಂದು. ಕಂಪೈಲ್ ಮಾತ್ರ ಮಾಡಿ, ಆಬ್ಜೆಕ್ಟ್ ಫೈಲ್ ಮೇಲೆ ಸಿಂಬಲ್‌ಗಳ ಪಟ್ಟಿ ಕೊಡುವ ಎನ್‌ಎಂ ಟೂಲನ್ನು ಅಳತೆ ತೋರಿಸುವ ಆಯ್ಕೆಯೊಂದಿಗೆ ಓಡಿಸಿ. 130 ಎಂದು ತೋರಿಸುತ್ತದೆ. ಅದು ಹೆಕ್ಸ್ (16ರ ಆಧಾರದ ಸಂಖ್ಯೆ), ಅಂದರೆ ಸಾಮಾನ್ಯ ಲೆಕ್ಕದಲ್ಲಿ 304. ನಮ್ಮ ಕಂಪೈಲರ್ ಬೆಂಬಲಿಸುವ ಎಲ್ಲ ಮಲ್ಟಿಲಿಬ್ ಜೋಡಿಗಳಿಗೂ (ಚಿಪ್ ಮತ್ತು ಎಬಿಐ ಜೋಡಿಗಳು) ಇದನ್ನು ಪ್ರತಿ ಬಿಲ್ಡ್‌ನಲ್ಲಿ ಓಡಿಸುತ್ತೇನೆ. ಬಂದ ಪಟ್ಟಿಯನ್ನು ಚಿಪ್ ಪ್ರಕಾರ ಅಲ್ಲ, ಎಬಿಐ ಪ್ರಕಾರ ಗುಂಪು ಮಾಡುತ್ತೇನೆ. ಒಂದೇ ಎಬಿಐಯ ಗುಂಪಿನಲ್ಲಿ ಎರಡು ಬೇರೆ ಸಂಖ್ಯೆ ಕಂಡರೆ ಬಿಲ್ಡ್ ನಿಲ್ಲುತ್ತದೆ. ನನ್ನ ಹಳೆಯ ಪ್ಯಾಚ್ ಹಾಕಿ ನೋಡಿದೆ. ಒಂದೇ ಗುಂಪಿನಲ್ಲಿ 38 ಮತ್ತು 98 (56 ಮತ್ತು 152ರ ಹೆಕ್ಸ್) ಬಂದು ಅಲ್ಲೇ ನಿಂತಿತು.

ಅಳತೆಯಲ್ಲಿ ಕಾಣದ ಬದಲಾವಣೆಗಳೂ ಇವೆ. ಈ 32 ಬಿಟ್ ಟೂಲ್‌ಚೈನ್‌ನಲ್ಲಿ ಇಂಟ್32_ಟಿ ಎಂದರೆ ಲಾಂಗ್, ಇಂಟ್ ಅಲ್ಲ. ಪ್ರಿಂಟ್‌ಎಫ್‌ನಲ್ಲಿ ಶೇಕಡಾ ಡಿ ಹಾಕಿದರೆ ವಾರ್ನಿಂಗ್ ಬರುತ್ತದೆ. "ಎರಡೂ 4 ಬೈಟ್ ತಾನೇ, ಇಂಟ್ ಮಾಡಿಬಿಡಿ ಮೇಡಂ" ಎಂದು ಕೇಳಿದವರು ಬಹಳ ಜನ. ಸಿ ಭಾಷೆಯಲ್ಲಿ ಏನೂ ಮುರಿಯದೆ ಇರಬಹುದು. ಸಿ++ನಲ್ಲಿ ಫಂಕ್ಷನ್ ಹೆಸರಿನ ಒಳಗೇ ಟೈಪ್ ಹೊಲಿದಿರುತ್ತದೆ, ಲಾಂಗ್‌ಗೆ ಒಂದಕ್ಷರ, ಇಂಟ್‌ಗೆ ಇನ್ನೊಂದು. ಬದಲಿಸಿದರೆ ಹಳೆಯ ಲೈಬ್ರರಿಯ ಫಂಕ್ಷನ್ ಸಿಗುವುದೇ ಇಲ್ಲ. ಅದಕ್ಕೆ ನಾನು ಒಪ್ಪಲಿಲ್ಲ. ಇಂಟ್‌ಟೈಪ್ಸ್ ಹೆಡರ್‌ನ ಪ್ರಿಂಟ್ ಮ್ಯಾಕ್ರೋ ಬಳಸಿ ಎಂದೆ. ನೋಡೋಕೆ ಚೆನ್ನಾಗಿಲ್ಲ, ಆದರೆ ಸರಿ.

ಚಿಪ್ ಕಡೆಗೇ ನೋಡಬೇಕಾದ ಹೆಡರ್ ಒಂದಿದೆ: ಎಫ್‌ಇಎನ್‌ವಿ, ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ ಏನು ಎಡವಟ್ಟಾಯಿತು ಎಂದು ತಿಳಿಸುವುದು. ಅದರಲ್ಲಿರುವ ಫ್ಲ್ಯಾಗ್ ಸಂಖ್ಯೆಗಳು ಪ್ರೊಸೆಸರ್ ರಿಜಿಸ್ಟರ್‌ನ ಬಿಟ್‌ಗಳೇ. ಆರ್ಮ್‌ನಲ್ಲಿ ಇನ್‌ವ್ಯಾಲಿಡ್ 1, ಇನ್‌ಎಕ್ಸಾಕ್ಟ್ 16. ರಿಸ್ಕ್ ಫೈವ್‌ನಲ್ಲಿ ಸರಿಯಾಗಿ ಉಲ್ಟಾ: ಇನ್‌ವ್ಯಾಲಿಡ್ 16, ಇನ್‌ಎಕ್ಸಾಕ್ಟ್ 1. ಆರ್ಮ್ ಫೈಲ್ ನಕಲು ಮಾಡಿ ಹೆಸರು ಬದಲಿಸಿದರೆ ಕಂಪೈಲ್ ಚೆನ್ನಾಗಿಯೇ ಆಗುತ್ತದೆ, ಉತ್ತರ ತಲೆಕೆಳಗಾಗುತ್ತದೆ. ಇಂಥ ಫೈಲನ್ನು ಯಾವತ್ತೂ ಖಾಲಿ ಹಾಳೆಯಿಂದ ಶುರು ಮಾಡಿ, ಪ್ರೊಸೆಸರ್ ಕೈಪಿಡಿ ಪಕ್ಕದಲ್ಲಿಟ್ಟುಕೊಂಡು.

ನನಗೆ ತುಂಬಾ ಇಷ್ಟವಾದ ಒಂದು ಸಾಲು ನ್ಯೂಲಿಬ್‌ನ ಐಟ್ರಿಪಲ್‌ಇ ಹೆಡರ್‌ನ ಕೊನೆಗೆ ಇದೆ. ಪ್ರೊಸೆಸರ್‌ಗಳನ್ನೆಲ್ಲ ಒಂದೊಂದಾಗಿ ನೋಡಿ, ಯಾವುದೂ ಹೊಂದದಿದ್ದರೆ ಅದು ಲಿಟಲ್ ಎಂಡಿಯನ್ (ಬೈಟ್‌ಗಳ ಒಂದು ಕ್ರಮ) ಎಂದು ಊಹಿಸುವುದಿಲ್ಲ. ಎರರ್ ಕೊಟ್ಟು ನಿಲ್ಲುತ್ತದೆ. ಹೊಸ ಚಿಪ್ ತಂದವರು ಮೊದಲ ದಿನವೇ ಎಂಡಿಯನ್ ಯಾವುದು ಎಂದು ಹೇಳಲೇಬೇಕು. ನಾನು ಬರೆಯುವ ಪ್ರತಿ ಷರತ್ತಿಗೂ ಈಗ ಅದೇ ಕೊನೆ ಇಡುತ್ತೇನೆ.

ಮೊನ್ನೆ ನಮ್ಮ ತಂಡಕ್ಕೆ ಹೊಸದಾಗಿ ಬಂದ ಹುಡುಗ ಆರ್‌ವಿ32ಇ ಚಿಪ್ ಮೇಲೆ ಕೆಲಸ ಮಾಡುತ್ತಿದ್ದ. ಅದರಲ್ಲಿ ಇರುವುದೇ 16 ರಿಜಿಸ್ಟರ್. "ಮೇಡಂ, ಇಲ್ಲಾದರೂ ಜಂಪ್‌ಬಫ್ ಕಡಿಮೆ ಮಾಡಬಹುದಾ?" ಎಂದು ಸ್ವಲ್ಪ ಹಿಂಜರಿಯುತ್ತಲೇ ಕೇಳಿದ. "ನೀನೇ ಹೇಳು, ಎಬಿಐ ಯಾವುದು?" ಎಂದೆ. ಬೇರೆಯದೇ, ಐಎಲ್‌ಪಿ32ಇ. ಉಳಿದ ರಿಸ್ಕ್ ಫೈವ್ ಆಬ್ಜೆಕ್ಟ್‌ಗಳ ಜೊತೆ ಇದನ್ನು ಸೇರಿಸಲು ಲಿಂಕರ್ ಬಿಡುವುದಿಲ್ಲ. ಎತ್ತಿಡಬೇಕಾದ್ದು ನಾಲ್ಕೇ: ಆರ್‌ಎ, ಎಸ್‌ಪಿ, ಎಸ್0, ಎಸ್1. "ಹಾಗಾದ್ರೆ ಇಲ್ಲಿ ಮಾಡಬಹುದು ಕಣಪ್ಪ" ಎಂದೆ. ಮೂಲ ಹೆಡರ್ ತೆಗೆದು ನೋಡಿದರೆ ಅವರು ಆಗಲೇ ನಾಲ್ಕು ಮನೆ ಮಾತ್ರ ಇಟ್ಟಿದ್ದರು. ತಪಾಸಣೆ ಓಡಿಸಿದೆವು. ಹೊಸ ಗುಂಪಿನಲ್ಲಿ ಒಂದೇ ಸಂಖ್ಯೆ ಬಂತು, 20. ಅಂದರೆ 32 ಬೈಟ್.